ಬಿಪಿ ಮಾತ್ರೆಯಿಂದಲೇ ಬಿಪಿ ಇಳಿದಾಗ

[ದೃಶ್ಯ: ಜಗಲಿ, ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತಿರುವ ಹಿರಿಯರು]

ನಮಸ್ಕಾರ. ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ಸುಲಿಯುವ ದಿನಗಳಲ್ಲಿ ಎರಡು ಮೂರು ಗಂಟೆ ಕುಳಿತೇ ಇದ್ದವರು, ಯಾರೋ ಕರೆದರೆಂದು ಥಟ್ಟನೆ ಎದ್ದು, ಕಣ್ಣು ಕತ್ತಲೆಗಟ್ಟಿ ಕಂಬ ಹಿಡಿದುಕೊಳ್ಳುವುದನ್ನು ನೀವೂ ನೋಡಿರಬಹುದು. ಮನೆಯವರು ಪಿತ್ತವೆಂದು ಸುಮ್ಮನಾಗುತ್ತಾರೆ. ಆದರೆ ಅವರು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರಾಗಿದ್ದರೆ ಕಾರಣ ಮಾತ್ರೆಯ ಡಬ್ಬಿಯಲ್ಲೇ ಇರಬಹುದು.

ಎದ್ದು ನಿಂತೊಡನೆ ರಕ್ತ ಕಾಲುಗಳತ್ತ ಇಳಿಯುತ್ತದೆ. ಆಗ ರಕ್ತನಾಳಗಳು ಬಿಗಿದು, ಹೃದಯ ತುಸು ವೇಗವಾಗಿ ಬಡಿದು ಒತ್ತಡವನ್ನು ಸರಿದೂಗಿಸಬೇಕು. ಬಿಪಿ ಮಾತ್ರೆಗಳ ಪೈಕಿ ಅಮ್ಲೋಡಿಪಿನ್ ನಾಳಗಳನ್ನು ಸಡಿಲಿಸುತ್ತದೆ, ಅಟೆನೊಲಾಲ್ ಬಡಿತವನ್ನು ತಗ್ಗಿಸುತ್ತದೆ, ಹೈಡ್ರೋಕ್ಲೋರೋಥಯಾಜೈಡ್ ಮೂತ್ರದಲ್ಲಿ ನೀರು, ಉಪ್ಪನ್ನು ಹೊರಹಾಕುತ್ತದೆ. ಇವುಗಳ ಜೊತೆಗೆ ಪ್ರಾಸ್ಟೇಟ್ ತೊಂದರೆಗೆ ಕೊಟ್ಟ ಟ್ಯಾಮ್ಸುಲೋಸಿನ್ ಸೇರಿದರೆ, ಅಥವಾ ಹಂಡೆಯ ಬಿಸಿನೀರನ್ನು ಬಹಳ ಹೊತ್ತು ಮೈಮೇಲೆ ಸುರಿದುಕೊಂಡರೆ (ಮಳೆಗಾಲದಲ್ಲಿ ಮಲೆನಾಡಿನವರು ಈ ಸುಖ ಬಿಡುವವರಲ್ಲ), ಒತ್ತಡ ಇನ್ನಷ್ಟು ಕುಸಿಯಬಹುದು.

[ದೃಶ್ಯ: ಮಂಚದ ಪಕ್ಕ ಬಿಪಿ ಯಂತ್ರ, ನೋಟುಪುಸ್ತಕ]

ಕುಳಿತಾಗ ಮಾತ್ರ ಅಳೆದರೆ ಈ ತೊಂದರೆ ತಪ್ಪಿಸಿಕೊಳ್ಳುತ್ತದೆ. ಐದು ನಿಮಿಷ ಮಲಗಿ ಒಮ್ಮೆ, ಎದ್ದು ನಿಂತ ಒಂದನೆಯ ಮತ್ತು ಮೂರನೆಯ ನಿಮಿಷದಲ್ಲಿ ಮತ್ತೆ ಅಳೆಯಿರಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಮಲಗಿದಾಗ 138/82 ಇದ್ದದ್ದು ನಿಂತಾಗ 112/74 ಆಯಿತೆನ್ನಿ: ಮೇಲಿನ ಅಂಕಿ 20 ಅಥವಾ ಹೆಚ್ಚು, ಇಲ್ಲವೇ ಕೆಳಗಿನದು 10 ಅಥವಾ ಹೆಚ್ಚು ಇಳಿದರೆ ಅದನ್ನು ವೈದ್ಯರಿಗೆ ತೋರಿಸಲೇಬೇಕು. ಮಾತ್ರೆ ನುಂಗಿದ ಸಮಯವನ್ನೂ, ತಲೆ ತಿರುಗಿದ ಸಮಯವನ್ನೂ ಅದೇ ಪುಟದಲ್ಲಿ ಬರೆದಿಡಿ, ಏಕೆಂದರೆ ಪ್ರಮಾಣ ತಗ್ಗಿಸಬೇಕೋ, ಹೊತ್ತು ಬದಲಿಸಬೇಕೋ, ಮಾತ್ರೆಯನ್ನೇ ಬದಲಿಸಬೇಕೋ ಎಂಬುದು ಆ ಬರಹದಿಂದ ವೈದ್ಯರಿಗೆ ಸುಲಭವಾಗಿ ತಿಳಿಯುತ್ತದೆ.

ನೀವಾಗಿಯೇ ನಿಲ್ಲಿಸುವುದು ಮಾತ್ರ ಬೇಡ. ಅಟೆನೊಲಾಲ್, ಕ್ಲೋನಿಡಿನ್‌ಗಳನ್ನು ಏಕಾಏಕಿ ಬಿಟ್ಟರೆ ಒತ್ತಡ ಒಮ್ಮೆಲೇ ಏರಬಹುದು. ವಾಂತಿ ಭೇದಿಯಾದ ದಿನ ಮಾತ್ರೆಯನ್ನು ಏನು ಮಾಡಬೇಕೆಂದು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಉಪ್ಪುನೀರು ಕುಡಿಸುವ ಅಭ್ಯಾಸ ನಮ್ಮಲ್ಲಿದೆ. ಹೃದಯ, ಮೂತ್ರಪಿಂಡದ ಕಾಯಿಲೆಯವರಿಗೆ ಅದು ಅಪಾಯ.

ತಲೆ ತಿರುಗಿದೊಡನೆ ಇದ್ದಲ್ಲೇ ಮಲಗಿಸಿ, ಕಾಲುಗಳನ್ನು ದಿಂಬಿನ ಮೇಲೆ ಎತ್ತರಿಸಿ. ಎದೆನೋವು, ತೊದಲು ಮಾತು, ಎಚ್ಚರ ತಪ್ಪುವಿಕೆ ಕಂಡರೆ 108ಕ್ಕೆ ಕರೆ ಮಾಡಿ. ಉಳಿದ ದಿನಗಳಲ್ಲಿ ಮಂಚದಿಂದ ಇಳಿಯುವ ಮೊದಲು ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಹತ್ತಾರು ಬಾರಿ ಆಡಿಸಿ, ಆಮೇಲೆ ಗೋಡೆ ಹಿಡಿದು ಏಳಿ.