ಮನೆಯ ಕಂಪ್ಯೂಟರ್‌ಗೆ ಇನ್ನಷ್ಟು ರ‍್ಯಾಮ್ ಬೇಕೆ? ದುಡ್ಡು ಕೊಡುವ ಮುನ್ನ ನೋಡಬೇಕಾದದ್ದು

ನಮಸ್ಕಾರ. ಕಂಪ್ಯೂಟರ್ ನಿಧಾನವಾಗಿದೆ ಎಂದು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಅಂಗಡಿಗಳ ಕಡೆ ಹೋಗಿ ಹೇಳಿದರೆ, "ರ‍್ಯಾಮ್ ಹಾಕಿಸಿಬಿಡ್ರಿ ಸರ" ಎಂಬ ಉತ್ತರ ಸಿಗುವ ಸಂಭವವೇ ಹೆಚ್ಚು. ರ‍್ಯಾಮ್ ಎಂದರೆ ತೆರೆದಿರುವ ಪ್ರೋಗ್ರಾಂಗಳು ಕೆಲಸದ ಹೊತ್ತಿನಲ್ಲಿ ಬಳಸುವ ತಾತ್ಕಾಲಿಕ ಮೆಮೊರಿ. ಅದನ್ನು ಹೆಚ್ಚಿಸುವ ಸಲಹೆ ಎಷ್ಟೋ ಸಲ ಸರಿಯಾಗಿಯೂ ಇರುತ್ತದೆ. ಆದರೆ ನಿಮ್ಮ ಯಂತ್ರದ ಮಟ್ಟಿಗೆ ಅದು ಸರಿಯೇ ಎಂಬುದನ್ನು ಮನೆಯಲ್ಲೇ ಕುಳಿತು ಪರೀಕ್ಷಿಸಬಹುದು.

ದೃಶ್ಯ: ಟಾಸ್ಕ್ ಮ್ಯಾನೇಜರ್ ತೆರೆದಿರುವ ಪರದೆ.

ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಯಂತ್ರದ ಮೇಲಿನ ಕೆಲಸದ ಭಾರವನ್ನು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಎಂಬುದನ್ನು ಆಯ್ದುಕೊಳ್ಳಿ. ಇದನ್ನು ಯಂತ್ರ ಸುಮ್ಮನೆ ಇರುವಾಗ ನೋಡಿದರೆ ಪ್ರಯೋಜನವಿಲ್ಲ. ಮನೆಯಿಂದಲೇ ಲೆಕ್ಕಪತ್ರ ಬರೆಯುವವರು ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಟ್ಯಾಲಿ, ಎಕ್ಸೆಲ್ ಮತ್ತು ಬ್ರೌಸರ್‌ಗಳನ್ನು ಒಟ್ಟಿಗೆ ತೆರೆದುಕೊಳ್ಳುವ 20ನೇ ತಾರೀಖಿನ ಆಸುಪಾಸಿನಲ್ಲಿ ನೋಡಬೇಕು. ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಇರುವ ವಿದ್ಯಾರ್ಥಿ ಆನ್‌ಲೈನ್ ತರಗತಿ ನಡೆಯುತ್ತಿರುವಾಗ, ನಾಲ್ಕಾರು ಪಿಡಿಎಫ್‌ಗಳು ತೆರೆದಿರುವಾಗ ನೋಡಬೇಕು. ಕೆಲಸದ ಭಾರ ಅತಿ ಹೆಚ್ಚಿರುವ ಗಳಿಗೆಯ ಅಂಕಿಗಳನ್ನೇ ನಂಬಬೇಕು.

ಅಲ್ಲಿ ಕಾಣುವ ಶೇಕಡಾವಾರು ಅಂಕಿಯೊಂದನ್ನೇ ನೋಡಿ ಗಾಬರಿಯಾಗಬೇಡಿ. ಬಿಡುವಾಗಿರುವ ಮೆಮೊರಿಯಲ್ಲಿ ವಿಂಡೋಸ್ ಮುಂದೆ ಬೇಕಾಗಬಹುದಾದ ಫೈಲುಗಳನ್ನು ತಾನಾಗಿಯೇ ತಂದಿಟ್ಟುಕೊಳ್ಳುತ್ತದೆ, ಬೇರೊಂದು ಪ್ರೋಗ್ರಾಂ ಕೇಳಿದ ಕೂಡಲೇ ಆ ಜಾಗವನ್ನು ಬಿಟ್ಟುಕೊಡುತ್ತದೆ. ಅದನ್ನೇ ಕ್ಯಾಶ್ಡ್ ಎಂದು ತೋರಿಸುತ್ತದೆ. ಗಮನಿಸಬೇಕಾದವು ಅವೈಲಬಲ್ (ಈಗ ಬಳಕೆಗೆ ಸಿಗುವ ಮೆಮೊರಿ) ಮತ್ತು ಕಮಿಟೆಡ್ (ಪ್ರೋಗ್ರಾಂಗಳಿಗೆ ಕೊಡುವುದಾಗಿ ಒಪ್ಪಿರುವ ಮೆಮೊರಿ) ಎಂಬ ಎರಡು ಅಂಕಿಗಳು. 8 ಜಿಬಿಯ ಯಂತ್ರದಲ್ಲಿ ಕಮಿಟೆಡ್‌ನ ಮೊದಲ ಅಂಕಿ 11 ಅಥವಾ 12 ಎಂದಿದ್ದರೆ, ಪ್ರೋಗ್ರಾಂಗಳಿಗೆ ಕೊಟ್ಟಿರುವ ಭರವಸೆ ಇರುವ ಮೆಮೊರಿಯನ್ನು ಮೀರಿದೆ ಎಂದರ್ಥ. ಅಷ್ಟರಿಂದಲೇ ಕೊರತೆ ಇದೆ ಎಂದು ತೀರ್ಮಾನಿಸಲಾಗದು. ಅದೇ ಹೊತ್ತಿಗೆ ಅವೈಲಬಲ್ ಕೆಲವು ನೂರು ಎಂಬಿಗೆ ಇಳಿದು, ಡಿಸ್ಕ್ ಶೇಕಡಾ 100ರಲ್ಲೇ ನಿಂತುಬಿಟ್ಟಿದ್ದರೆ ಮಾತ್ರ, ಮೆಮೊರಿಯಲ್ಲಿ ಜಾಗ ಸಾಲದೆ ವಿಂಡೋಸ್ ಪದೇ ಪದೇ ಡಿಸ್ಕಿನ ಮೊರೆ ಹೋಗುತ್ತಿದೆ ಎಂದು ತಿಳಿಯಬಹುದು.

ಹೀಗೆ ಮೊರೆ ಹೋಗುವುದು ಎಷ್ಟು ದುಬಾರಿ ಎಂಬುದು ಡಿಸ್ಕ್ ಯಾವುದು ಎನ್ನುವುದರ ಮೇಲೆ ನಿಂತಿದೆ. ರ‍್ಯಾಮ್‌ನಿಂದ ದತ್ತಾಂಶ ಸಿಗಲು ಸುಮಾರು 100 ನ್ಯಾನೋಸೆಕೆಂಡು ಸಾಕು. ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಅದಕ್ಕೆ 10 ಮಿಲಿಸೆಕೆಂಡಿನಷ್ಟು, ಅಂದರೆ ಸುಮಾರು ಲಕ್ಷಪಟ್ಟು ಕಾಲ ಬೇಕು. ಆದ್ದರಿಂದ ನಿಮ್ಮಲ್ಲಿ 8 ಜಿಬಿ ಇದ್ದು, ಭಾರದ ಹೊತ್ತಿನಲ್ಲೂ ಅದರಲ್ಲಿ ಜಾಗ ಉಳಿಯುತ್ತಿದ್ದು, ವಿಂಡೋಸ್ ಮಾತ್ರ ಹಳೆಯ ಹಾರ್ಡ್‌ಡಿಸ್ಕಿನಲ್ಲಿದ್ದರೆ, ರ‍್ಯಾಮ್‌ಗೆಂದು ತೆಗೆದಿಟ್ಟ ಹಣದಲ್ಲಿ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್, ಹಾಕಿಸಿಕೊಳ್ಳುವುದೇ ಜಾಣತನ. 4 ಜಿಬಿಯ ಯಂತ್ರಕ್ಕೆ ಇಷ್ಟೆಲ್ಲ ಪರೀಕ್ಷೆ ಅನಗತ್ಯ. ಅದು ವಿಂಡೋಸ್ 11ಕ್ಕೆ ನಿಗದಿಯಾಗಿರುವ ಕನಿಷ್ಠ ಪ್ರಮಾಣ ಅಷ್ಟೇ. ಅದನ್ನು 8ಕ್ಕೆ ಏರಿಸಲು ಹೆಚ್ಚು ಯೋಚಿಸಬೇಕಿಲ್ಲ. 16ರಿಂದ 32ಕ್ಕೆ ಹೋಗುವ ಅಗತ್ಯ, ವಿಡಿಯೋ ಎಡಿಟಿಂಗ್‌ನಂಥ ಕೆಲಸ ಮಾಡದ ಮನೆಗಳಲ್ಲಿ ತೀರ ಅಪರೂಪ.

ದೃಶ್ಯ: ಮದರ್‌ಬೋರ್ಡಿನ ಸ್ಲಾಟುಗಳು ಹತ್ತಿರದಿಂದ.

ಹಾಕಿಸುವುದೆಂದು ತೀರ್ಮಾನವಾದರೆ, ಅದೇ ಮೆಮೊರಿ ಪುಟದ ಕೆಳಭಾಗದಲ್ಲಿ ರ‍್ಯಾಮ್ ಪಟ್ಟಿ ಕೂರಿಸುವ ಸ್ಲಾಟುಗಳಲ್ಲಿ ಎಷ್ಟು ತುಂಬಿವೆ ಎಂಬುದನ್ನು ಬರೆದುಕೊಳ್ಳಿ. ಎರಡರಲ್ಲಿ ಒಂದು ಖಾಲಿ ಇದ್ದರೆ, ಈಗಿರುವ 8 ಜಿಬಿಯ ಜೊತೆಗೆ ಅದೇ ಬಗೆಯ ಇನ್ನೊಂದು 8 ಜಿಬಿ ಸೇರಿಸುವುದು ಒಳ್ಳೆಯದು. ಆಗ ಎರಡೂ ಒಟ್ಟಿಗೆ ಡ್ಯುಯಲ್ ಚಾನೆಲ್ ಆಗಿ, ಅಂದರೆ ಎರಡು ದಾರಿಗಳಲ್ಲಿ ಏಕಕಾಲಕ್ಕೆ ದತ್ತಾಂಶ ಸಾಗುವಂತೆ, ಕೆಲಸ ಮಾಡುತ್ತವೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಚಿತ್ರಗಳ ಕೆಲಸವೂ ಇದೇ ಮೆಮೊರಿಯಲ್ಲಿ ನಡೆಯುವುದರಿಂದ ಅಲ್ಲಿ ಈ ಲಾಭ ಎದ್ದು ಕಾಣುತ್ತದೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬುವು ರ‍್ಯಾಮ್‌ನ ತಲೆಮಾರುಗಳು. ಡೆಸ್ಕ್‌ಟಾಪಿನ ಡಿಡಿಆರ್3 ಪಟ್ಟಿಗೆ 240 ಪಿನ್‌ಗಳು; ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್‌ಗಳಿದ್ದರೂ ನಡುವಿನ ಕಚ್ಚಿನ ಜಾಗ ಬೇರೆಯಾದ್ದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಕೂರುತ್ತಿಲ್ಲವೆಂದರೆ ಒತ್ತಡ ಹಾಕಬಾರದು. ಲ್ಯಾಪ್‌ಟಾಪ್ ಆದರೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆಯೇ ಎಂದು ಮೊದಲೇ ವಿಚಾರಿಸಿ. ಬೆಸುಗೆಯಾಗಿದ್ದು, ಬೇರೆ ಸ್ಲಾಟೂ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ವಿಂಡೋಸ್ 32 ಬಿಟ್ ಆಗಿದ್ದರೂ ಅಷ್ಟೇ: 4 ಜಿಬಿಗಿಂತ ಹೆಚ್ಚು ಹಾಕಿದ್ದು ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಡಿಡಿಆರ್3 ಯಂತ್ರಗಳ ವಿಷಯದಲ್ಲಿ ನನ್ನ ಅಭಿಪ್ರಾಯ ತುಸು ಕಟುವಾಗಿದೆ. ಅಂಥ ಡೆಸ್ಕ್‌ಟಾಪ್‌ಗಳು ಬಹುತೇಕ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡು ಬಳಸುವ ಮನಸ್ಸಿಲ್ಲದಿದ್ದರೆ ಅವುಗಳ ಮೇಲೆ ಹೊಸದಾಗಿ ದುಡ್ಡು ಸುರಿಯುವುದು ನನಗೆ ಸರಿಕಾಣುವುದಿಲ್ಲ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತ ಏರಿದ್ದನ್ನೂ ನೆನಪಿನಲ್ಲಿಡಿ.

ಧಾರವಾಡದವರು ಚಿಗರಿ ಬಸ್ಸಿನಲ್ಲಿ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿಗೆ ಹೋಗುವುದು ತೊಂದರೆಯೆನಿಸಿದರೂ, ಅಂಗಡಿಯಲ್ಲೇ ಕೂರಿಸಿಕೊಂಡು ಬರುವುದು ಲೇಸು. ಒಳಗಿನ ಧೂಳನ್ನು ಊದಿಸಿ, ಸ್ಲಾಟಿನ ಕ್ಲಿಪ್‌ಗಳು ಟಕ್ಕೆಂದು ಮುಚ್ಚಿಕೊಂಡದ್ದನ್ನು ಕೇಳಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಪೂರ್ತಿ ಮೆಮೊರಿ ಕಂಡ ಮೇಲೆಯೇ ಹಣ ಕೊಡಿ. ಮನೆಗೆ ಬಂದ ರಾತ್ರಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಪರೀಕ್ಷೆಯನ್ನು ಒಮ್ಮೆ ನಡೆಸಿ. ದೋಷವೇನಾದರೂ ಕಂಡುಬಂದರೆ ಬಿಲ್ಲಿನೊಂದಿಗೆ ಮರುದಿನವೇ ಅಂಗಡಿಗೆ ಹೋಗಿ ಬದಲಿಸಿಕೊಳ್ಳಿ.