ಟೈರ್: ನೆಲಕ್ಕೆ ಅಂಟಿಕೊಂಡ ದ್ವೀಪ

ಕೇಳುಗರಿಗೆ ನಮಸ್ಕಾರ. ಟೈರ್ ಅಂದ ತಕ್ಷಣ ನಮಗೆ ಗಾಡಿಯ ಚಕ್ರ ನೆನಪಾಗುತ್ತದೆ, ಅಲ್ವಾ? ನಾನು ಹೇಳಹೊರಟಿರುವುದು ಊರೊಂದರ ಕಥೆ. ಲೆಬನಾನಿನ ದಕ್ಷಿಣದ ಕಡಲತೀರದಲ್ಲಿದೆ. ಅಲ್ಲಿಯವರು ಅದನ್ನು ಸೂರ್ ಅನ್ನುತ್ತಾರೆ. ಈ ತೀರದ ಹಳೆಯ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರ ಭಾಷೆಯಲ್ಲಿ ಬಂಡೆ ಅಂತ ಅರ್ಥ. ಆಗ ಅದು ನಿಜಕ್ಕೂ ಕಡಲ ನಡುವಿನ ಬಂಡೆಯೇ, ಸುತ್ತ ನೀರಿದ್ದ ದ್ವೀಪ. ಈಗ ನಕ್ಷೆ ತೆಗೆದು ನೋಡಿ, ದ್ವೀಪ ಕಾಣುವುದಿಲ್ಲ. ನೆಲದಿಂದ ಕಡಲಿಗೆ ಚಾಚಿದ ಮೂಗಿನ ಹಾಗಿದೆ.

ಅದು ಹೇಗಾಯಿತು ಅಂತ ಆಮೇಲೆ ಹೇಳುತ್ತೇನೆ. ಮೊದಲು ಊರಿನ ದುಡ್ಡಿನ ಮೂಲ ನೋಡೋಣ.

ಬಸವನಹುಳು! ಕಡಲಿನ ಒಂದು ಜಾತಿಯ ಬಸವನಹುಳುವಿನ ಚಿಪ್ಪು ಒಡೆದು, ಒಳಗಿನ ಪುಟ್ಟ ಗ್ರಂಥಿ ತೆಗೆದು, ಉಪ್ಪು ಹಾಕಿ ಮೂರು ದಿನ ಇಟ್ಟು, ಆಮೇಲೆ ದಿನಗಟ್ಟಲೆ ಸಣ್ಣ ಉರಿಯಲ್ಲಿ ಕಾಯಿಸುತ್ತಿದ್ದರು. ಗ್ರಂಥಿಯ ರಸಕ್ಕೆ ಮೊದಲು ಬಣ್ಣವೇ ಇರುವುದಿಲ್ಲ. ಗಾಳಿ ಬಿಸಿಲು ತಾಗಿದ ಮೇಲೆ ಹಳದಿ, ಹಸಿರು ಆಗಿ ಕೊನೆಗೆ ನೇರಳೆಗೆ ತಿರುಗುತ್ತದೆ. 1909ರಲ್ಲಿ ಪೌಲ್ ಫ್ರೀಡ್‌ಲೆಂಡರ್ ಎಂಬ ರಸಾಯನಶಾಸ್ತ್ರಜ್ಞ ಈ ಬಣ್ಣ ತೆಗೆದು ನೋಡಿದ. 12,000 ಹುಳುಗಳಿಂದ ಸಿಕ್ಕ ಬಣ್ಣ ಬರೀ 1.4 ಗ್ರಾಂ! ಇದರಲ್ಲಿ ಅದ್ದಿದ ಬಟ್ಟೆ ರಾಜರಿಗೆ, ಸಿರಿವಂತರಿಗಷ್ಟೇ ಯಾಕೆ ಅಂತ ಇನ್ನು ಬೇರೆ ಹೇಳಬೇಕಾ? ಇನ್ನೊಂದು ಮಜಾ ಏನೆಂದರೆ, ನಮ್ಮ ದೇಶದಲ್ಲಿ ಗಿಡದಿಂದ ತೆಗೆಯುತ್ತಿದ್ದ ನೀಲಿಗೂ ಇದಕ್ಕೂ ಹತ್ತಿರದ ನಂಟು. ಅದೇ ನೀಲಿಯ ಅಣುವಿಗೆ ಬ್ರೋಮಿನ್ನಿನ ಎರಡು ಪರಮಾಣು ಸೇರಿದರೆ ಈ ನೇರಳೆ. ಬಣ್ಣದ ಕಾರ್ಖಾನೆಗಳಿಂದ ಟೈರ್‌ನಲ್ಲಿ ವಾಸ ಮಾಡುವುದೇ ಕಷ್ಟ, ಆದರೆ ಊರು ಶ್ರೀಮಂತವಾದದ್ದೂ ಅವುಗಳಿಂದಲೇ ಅಂತ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಕೊಳೆತ ಹುಳುವಿನ ರಾಶಿ ಪಕ್ಕದಲ್ಲಿದ್ದರೆ ಯಾರಿಗೆ ತಾನೇ ಊಟ ಸೇರೀತು!

ಹಡಗು ಕಟ್ಟುವುದರಲ್ಲೂ ಇವರು ಗಟ್ಟಿಗರು. ಇಲ್ಲಿಂದ ಹೊರಟವರು ದೂರದ ಸ್ಪೇನಿನವರೆಗೂ ಹೋಗಿ ನೆಲೆ ಮಾಡಿಕೊಂಡರು. ಆಫ್ರಿಕಾ ತೀರದ ಕಾರ್ಥೇಜ್ ಹುಟ್ಟಿದ್ದು ಟೈರ್‌ನಿಂದ ಹೋದ ರಾಜಕುಮಾರಿ ಎಲಿಸ್ಸಾಳಿಂದ ಅನ್ನುವುದು ಹಳೆಯ ಕಥೆ, ಅದಕ್ಕೆ ಕೊಡುವ ವರ್ಷ ಕ್ರಿ.ಪೂ. 814. ಮಗಳ ಊರು ಎಷ್ಟೇ ದೊಡ್ಡದಾದರೂ ತವರನ್ನು ಮರೆಯಲಿಲ್ಲ, ಟೈರ್‌ನ ದೇವರು ಮೆಲ್ಕಾರ್ಟ್‌ಗೆ ಕಾಣಿಕೆ ಕಳಿಸುತ್ತಿತ್ತು.

ಆ ದೇವರ ನೆಪದಲ್ಲೇ ಜಗಳ ಹತ್ತಿತು ನೋಡಿ. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ಬಂದ. ಮೆಲ್ಕಾರ್ಟ್ ಅಂದರೆ ನಮ್ಮ ಗ್ರೀಕರ ವೀರದೇವ ಹೆರಾಕ್ಲಿಸ್ಸೇ, ನಿಮ್ಮ ಗುಡಿಯಲ್ಲಿ ಪೂಜೆ ಮಾಡುತ್ತೇನೆ, ಒಳಗೆ ಬಿಡಿ ಅಂದ. ಇವರೇನು ದಡ್ಡರೇ? ದಂಡಯಾತ್ರೆಗೆ ಹೊರಟವನು ಬರೀ ಪೂಜೆಗೆ ಬರುತ್ತಾನೆಯೇ? ಬಿಡಲಿಲ್ಲ.

ಅವನಿಗೆ ಆಗ ಸರಿಯಾದ ನೌಕಾಪಡೆ ಇರಲಿಲ್ಲ. ಅದಕ್ಕೆ ಕಡಲಿಗೇ ದಾರಿ ಹಾಕಲು ಶುರು ಮಾಡಿದ. ದಡದಲ್ಲಿದ್ದ ಹಳೇ ಟೈರ್ ಊರನ್ನು ಕೆಡವಿ, ಅದರ ಕಲ್ಲನ್ನು ನೀರಿಗೆ ಸುರಿಸಿದ. ಸುಮಾರು ಮುಕ್ಕಾಲು ಕಿಲೋಮೀಟರ್ ದೂರ! ಟೈರ್‌ನವರು ಸುಮ್ನೆ ಕೂರಲಿಲ್ಲ. ಒಂದು ದೊಡ್ಡ ಹಡಗಿಗೆ ಗಂಧಕ, ರಾಳ, ಒಣ ಪುರುಳೆ ತುಂಬಿ, ಮುಂಭಾಗ ಮೇಲಕ್ಕೆ ಎದ್ದಿರಲಿ ಅಂತ ಹಿಂದೆ ಭಾರ ಹಾಕಿ, ಬೆಂಕಿ ಹಚ್ಚಿ ತಂದು ಆ ದಾರಿಯ ಮೇಲೆ ಏರಿಸಿಬಿಟ್ಟರು. ಅಲೆಕ್ಸಾಂಡರನ ಮರದ ಗೋಪುರಗಳು ಸುಟ್ಟು ಬೂದಿ. ಕಾದ ಮರಳನ್ನೂ ಸೈನಿಕರ ಮೇಲೆ ಸುರಿದರು, ಅದು ಕವಚದೊಳಗೆ ಇಳಿದು ಮೈ ಸುಡುತ್ತಿತ್ತು.

ಕೊನೆಗೆ ಕೈಕೊಟ್ಟವರು ನೆಂಟರೇ. ಸಿಡಾನ್, ಬಿಬ್ಲೋಸ್‌ನಂಥ ಫಿನೀಷಿಯನ್ ಊರುಗಳ ಹಡಗುಗಳು, ಸೈಪ್ರಸ್ಸಿನವು ಬೇರೆ, ಅಲೆಕ್ಸಾಂಡರನ ಕಡೆ ಸೇರಿಕೊಂಡವು. ಏಳು ತಿಂಗಳ ಮುತ್ತಿಗೆಯ ನಂತರ ಗೋಡೆ ಒಡೆಯಿತು. ಸುಮಾರು 30,000 ಜನರನ್ನು ಗುಲಾಮರಾಗಿ ಮಾರಿದ ಅಂತ ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಗುಡಿಯಲ್ಲಿ ಆಶ್ರಯ ಪಡೆದವರನ್ನು ಬಿಟ್ಟ, ಟೈರ್‌ನ ರಾಜನೂ ಕೆಲವು ಕಾರ್ಥೇಜಿನವರೂ ಅವರಲ್ಲಿದ್ದರು. ಈ ಕಾರ್ಥೇಜಿನವರು ಕಾಣಿಕೆ ತಂದು ಅಲ್ಲೇ ಸಿಕ್ಕಿಹಾಕಿಕೊಂಡಿದ್ದವರು. ಆಮೇಲೆ ಪೂಜೆಯನ್ನೂ ಮಾಡಿದ ಮಹಾರಾಯ.

ಊರು ಅಲ್ಲಿಗೇ ಮುಗಿಯಲಿಲ್ಲ. ಮತ್ತೆ ಎದ್ದಿತು, ಮತ್ತೆ ನೇರಳೆ ಮಾರಿತು. ರೋಮನ್ನರ ಕಾಲದಲ್ಲಿ ರಥದ ಓಟಕ್ಕೆ ದೊಡ್ಡ ಮೈದಾನ ಕಟ್ಟಿದರು. ಅದರ ಅವಶೇಷ ಇವತ್ತಿಗೂ ಇದೆ, 1984ರಿಂದ ಊರು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. 2024ರ ಯುದ್ಧದಲ್ಲಿ ಇಲ್ಲಿ ಮತ್ತೆ ಬಾಂಬು ಬಿದ್ದವು.

ಇನ್ನು ಆ ಕಲ್ಲಿನ ದಾರಿ? ಕಡಲ ಅಲೆ ಎರಡೂ ಬದಿಗೆ ಮರಳು ತಂದು ತಂದು ಹಾಕಿತು. ವರ್ಷ ವರ್ಷಕ್ಕೂ ಅಗಲವಾಯಿತು. ಈಗ ಅದರ ಮೇಲೆ ಮನೆಗಳಿವೆ, ಬೀದಿಗಳಿವೆ. ಅಲೆಕ್ಸಾಂಡರ್ ಹೊತ್ತು ಹಾಕಿಸಿದ ಕಲ್ಲು ಎಲ್ಲೋ ಆಳದಲ್ಲಿ, ಆ ಮರಳಿನ ಕೆಳಗೆ. ನಮಸ್ಕಾರ.