ಅರವತ್ತರಲ್ಲಿ ಟಿಯರ್ಸ್ ಫಾರ್ ಫಿಯರ್ಸ್: ‘ದ ಟಿಪ್ಪಿಂಗ್ ಪಾಯಿಂಟ್’ ಆಲ್ಬಂ ಮತ್ತು ನಡು ತಪ್ಪಿದ ಒಂದು ರೆಕಾರ್ಡ್

ವೀಕ್ಷಕರಿಗೆ ನಮಸ್ಕಾರ. ಈಗ ನಿಮ್ಮ ಪರದೆಯ ಮೇಲೆ ಇರುವುದು ಇಂಗ್ಲೆಂಡಿನ ಬಾತ್ ನಗರದ ನಡುಭಾಗ. ಬ್ರಿಸ್ಟಲ್‌ನಿಂದ ರೈಲಿನಲ್ಲಿ ಇಲ್ಲಿಗೆ ಕಾಲು ಗಂಟೆಯೂ ಹಿಡಿಯುವುದಿಲ್ಲವಾದ್ದರಿಂದ ಪ್ರಯಾಣದ ಭಾಗವನ್ನು ಕತ್ತರಿಸಿ ಹಾಕಿದ್ದೇನೆ. ಜೇನುಬಣ್ಣದ ಕಲ್ಲಿನ ಈ ಕಟ್ಟಡಗಳನ್ನೂ ರೋಮನ್ನರ ಸ್ನಾನಗೃಹವನ್ನೂ ಎಲ್ಲರೂ ತೋರಿಸುತ್ತಾರೆ. ನಾನು ಬಂದಿರುವುದು ಇದೇ ಊರಿನಿಂದ ಹೊರಟ ಟಿಯರ್ಸ್ ಫಾರ್ ಫಿಯರ್ಸ್ ಎಂಬ ತಂಡಕ್ಕಾಗಿ, ಅದರಲ್ಲೂ ಅವರು 2022ರ ಫೆಬ್ರವರಿ 25ರಂದು ಹೊರತಂದ ‘ದ ಟಿಪ್ಪಿಂಗ್ ಪಾಯಿಂಟ್’ ಎಂಬ ಆಲ್ಬಂಗಾಗಿ. ಆಗ ತಂಡದ ಇಬ್ಬರಿಗೂ, ಅಂದರೆ ರೋಲಂಡ್ ಒರ್ಜಬಾಲ್ ಮತ್ತು ಕರ್ಟ್ ಸ್ಮಿತ್ ಅವರಿಗೆ, ಅರವತ್ತು ವರ್ಷ ತುಂಬಿತ್ತು.

ಎಂಬತ್ತರ ದಶಕದ ತಂಡಗಳು ಮುಪ್ಪಿನಲ್ಲಿ ತರುವ ಆಲ್ಬಂಗಳ ಬಗ್ಗೆ ನನಗೆ ಸಾಮಾನ್ಯವಾಗಿ ಗೌರವವಿಲ್ಲ. ಹಳೆಯ ಹಾಡುಗಳ ಕಛೇರಿಗೆ ಟಿಕೆಟ್ ಮಾರುವುದಕ್ಕೆ ಒಂದು ನೆಪವಾಗಿ ಹೊಸ ಆಲ್ಬಂ ಬರುತ್ತದೆ, ಅದರಿಂದ ಎರಡು ಹಾಡುಗಳನ್ನು ವೇದಿಕೆಯಲ್ಲಿ ಹಾಡುತ್ತಾರೆ, ಜನ ಆ ಹೊತ್ತಿಗೆ ಎದ್ದು ಬಿಯರ್ ತರಲು ಹೋಗುತ್ತಾರೆ. ಈ ಆಲ್ಬಂ ಹಾಗಲ್ಲ ಎಂಬುದೇ ಇಂದಿನ ನನ್ನ ವಾದ. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಇಪ್ಪತ್ತರ ವಯಸ್ಸಿನಲ್ಲಿ ಪುಸ್ತಕದಿಂದ ಎರವಲು ಪಡೆದ ನೋವನ್ನು ಹಾಡಿದ ಈ ಇಬ್ಬರು, ಅರವತ್ತರಲ್ಲಿ ಮನೆಯೊಳಗೇ ಬಂದ ನೋವನ್ನು ಹಾಡಿದ್ದಾರೆ, ಮತ್ತು ಎರಡನೆಯದೇ ಮೇಲಾಗಿದೆ.

ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ಇಬ್ಬರೂ ಹದಿಹರೆಯದಲ್ಲಿ ಇಲ್ಲಿಯೇ ಗೆಳೆಯರಾದವರು, ಇಬ್ಬರೂ ಒಡೆದ ಸಂಸಾರಗಳಿಂದ ಬಂದವರು. ಮೊದಲು ‘ಗ್ರ್ಯಾಜುಯೇಟ್’ ಎಂಬ ತಂಡದಲ್ಲಿ ಗಿಟಾರಿನ ಚುರುಕು ಹಾಡುಗಳನ್ನು ಹಾಡಿ 1980ರಲ್ಲಿ ಒಂದು ಆಲ್ಬಂ ತಂದರು; ಅದು ನಡೆಯಲಿಲ್ಲ. ಆಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜಾನೊವ್ ಅವರ ಬರಹಗಳು ಅವರ ಕೈಗೆ ಸಿಕ್ಕವು. ಬಾಲ್ಯದಲ್ಲಿ ಅದುಮಿಟ್ಟ ಯಾತನೆಯನ್ನು ಅತ್ತು, ಕೂಗಿ ಹೊರಹಾಕಿದರೆ ಮನುಷ್ಯ ಗುಣವಾಗುತ್ತಾನೆ ಎಂಬುದು ಜಾನೊವ್ ಚಿಕಿತ್ಸೆಯ ಸಾರ. ಬೀಟಲ್ಸ್ ತಂಡದ ಜಾನ್ ಲೆನನ್ ಕೂಡ 1970ರಲ್ಲಿ ಅದಕ್ಕೆ ಒಳಗಾಗಿದ್ದರು. ತಂಡದ ಹೆಸರೂ ಆ ಬರಹಗಳಿಂದಲೇ ಬಂದದ್ದು. ಮುಂದೆ ಹೆಸರು ಮಾಡಿದ ಮೇಲೆ ಅವರು ಜಾನೊವ್ ಅವರನ್ನು ಮುಖತಃ ಕಂಡಾಗ, ಆ ಮಹಾನುಭಾವರು ತಮ್ಮ ಚಿಕಿತ್ಸೆಯ ಬಗ್ಗೆ ಒಂದು ಸಂಗೀತ ನಾಟಕ ಮಾಡಿಕೊಡಿ ಎಂದು ಕೇಳಿದರಂತೆ. ಗುರುಭಕ್ತಿ ಅಲ್ಲಿಗೆ ಇಳಿಯಿತು.

ಈ ಬೀದಿಯ ಮೇಲಂತಸ್ತಿನ ಕಿಟಕಿಗಳನ್ನು ಕ್ಯಾಮೆರಾ ಸುಮ್ಮನೆ ನೋಡುತ್ತಿಲ್ಲ. ಬಾತ್‌ನ ನಡುವೆ ಪಿಜ್ಜಾ ಹೋಟೆಲೊಂದರ ಮೇಲಿನ ಮನೆಯಲ್ಲಿ ಕುಳಿತು, ಕಿಟಕಿಯಿಂದ ಕೆಳಗೆ ಓಡಾಡುವವರನ್ನು ನೋಡುತ್ತ, ಒರ್ಜಬಾಲ್ ‘ಮ್ಯಾಡ್ ವರ್ಲ್ಡ್’ ಬರೆದರು. ಯಾವ ಕಟ್ಟಡವೆಂದು ನಾನು ಬೊಟ್ಟುಮಾಡಿ ತೋರಿಸಲಾರೆ, ಅದರ ಅಗತ್ಯವೂ ಇಲ್ಲ. ಮುಖ್ಯವಾದ ಸಂಗತಿ ಬೇರೆ: 1982ರಲ್ಲಿ ಇಂಗ್ಲೆಂಡಿನ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿದ ಆ ಹಾಡನ್ನು ನಾವು ಕೇಳುವುದು ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಮತ್ತು ಡ್ರಮ್ ಯಂತ್ರಗಳ ಹಾಡಾಗಿ, ಆದರೆ ಅದು ಹುಟ್ಟಿದ್ದು ವಿದ್ಯುತ್ತಿಲ್ಲದೆ ನುಡಿಯುವ ಒಂದು ಅಕೂಸ್ಟಿಕ್ ಗಿಟಾರಿನ ಮೇಲೆ. ತಮ್ಮ ದನಿಗೆ ಅದು ಹೊಂದುತ್ತಿಲ್ಲವೆಂದು ಒರ್ಜಬಾಲ್ ಅದನ್ನು ಸ್ಮಿತ್ ಅವರಿಗೆ ಕೊಟ್ಟರು. ಈ ಗಿಟಾರಿನ ಮಾತಿಗೆ ಮತ್ತೆ ಬರಬೇಕಾಗುತ್ತದೆ.

1983ರ ಮೊದಲ ಆಲ್ಬಂ ‘ದ ಹರ್ಟಿಂಗ್’ ಇಂಗ್ಲೆಂಡಿನಲ್ಲಿ ಒಂದನೆಯ ಸ್ಥಾನ ಪಡೆಯಿತು. ಅದರಲ್ಲಿ ‘ಸಫರ್ ದ ಚಿಲ್ಡ್ರನ್’ ಎಂಬ ಹಾಡಿದೆ; ಅದರಲ್ಲಿ ಮಗುವಿನಂತೆ ಕೇಳಿಸುವ ಒಂದು ದನಿ ಬರುತ್ತದೆ. ಆ ದನಿ ಒರ್ಜಬಾಲ್ ಅವರ ಪತ್ನಿ ಕ್ಯಾರೊಲೈನ್ ಅವರದು. ಇದನ್ನು ತಿಳಿದ ಮೇಲೆ ಆ ಹಾಡನ್ನು ಮೊದಲಿನಂತೆ ಕೇಳುವುದು ನನಗೆ ಸಾಧ್ಯವಾಗಿಲ್ಲ, ಏಕೆಂದರೆ ಇಂದಿನ ಆಲ್ಬಂನ ಅರ್ಧಭಾಗ ನಿಂತಿರುವುದು ಅವರ ಕಾಯಿಲೆ ಮತ್ತು ಸಾವಿನ ಮೇಲೆ.

ನಡುವಿನ ವರ್ಷಗಳನ್ನು ಬೇಗ ದಾಟೋಣ. 1985ರ ‘ಸಾಂಗ್ಸ್ ಫ್ರಮ್ ದ ಬಿಗ್ ಚೇರ್’ ಆಲ್ಬಂ ಅಮೆರಿಕದಲ್ಲೂ ಅಗ್ರಸ್ಥಾನಕ್ಕೇರಿತು, ಅದರ ಎರಡು ಹಾಡುಗಳು ಅದೇ ವರ್ಷ ಅಲ್ಲಿ ಒಂದನೆಯ ಸ್ಥಾನ ಪಡೆದವು. ಆ ಪೈಕಿ ‘ಎವೆರಿಬಡಿ ವಾಂಟ್ಸ್ ಟು ರೂಲ್ ದ ವರ್ಲ್ಡ್’ ಆಲ್ಬಂಗೆ ಕಡೆಗಳಿಗೆಯಲ್ಲಿ ಸೇರಿದ್ದು, ಎರಡು ವಾರಗಳಲ್ಲಿ ಮುಗಿದದ್ದು. ಒಂದೊಂದು ಪೆಟ್ಟನ್ನೂ ಮೂರಾಗಿ ಒಡೆಯುವ, ನಮ್ಮ ತಾಳದ ಭಾಷೆಯಲ್ಲಿ ತಿಶ್ರ ನಡೆ ಎನ್ನಬಹುದಾದ, ಅದರ ತೂಗುವ ಲಯವನ್ನು ನೆನಪಿಟ್ಟುಕೊಳ್ಳಿ. ಆಮೇಲೆ 1989ರ ‘ದ ಸೀಡ್ಸ್ ಆಫ್ ಲವ್’ಗೆ ನಿರ್ಮಾಪಕರನ್ನು ಬದಲಿಸಿ, ಧ್ವನಿಮುದ್ರಿಸಿದ್ದನ್ನು ಎಸೆದು, ಹತ್ತು ಲಕ್ಷ ಪೌಂಡುಗಳಿಗೂ ಹೆಚ್ಚು ಖರ್ಚು ಮಾಡಿದರು. ಅಮೆರಿಕದ ಕ್ಯಾನ್ಸಸ್ ಸಿಟಿಯ ಹೋಟೆಲೊಂದರ ಬಾರಿನಲ್ಲಿ ಹಾಡುತ್ತಿದ್ದ ಒಲೀಟಾ ಆಡಮ್ಸ್ ಅವರನ್ನು ಹುಡುಕಿ ಕರೆತಂದು ಹಾಡಿಸಿದರು. ಅವರ ದನಿಯೊಂದೇ ಆ ಖರ್ಚಿಗೆ ಸಮ ಎಂದು ನಾನು ಹೇಳುತ್ತೇನೆ, ಆದರೆ ಗೆಳೆತನ ಆ ಭಾರ ತಡೆಯಲಿಲ್ಲ. 1991ರಲ್ಲಿ ಬೇರೆಯಾದರು, 2000ದಲ್ಲಿ ಮತ್ತೆ ಮಾತನಾಡಿದರು, 2004ರಲ್ಲಿ ‘ಎವೆರಿಬಡಿ ಲವ್ಸ್ ಎ ಹ್ಯಾಪಿ ಎಂಡಿಂಗ್’ ತಂದರು. ಬೀಟಲ್ಸ್ ಮೇಲಿನ ಪ್ರೀತಿ ಅತಿಯಾಗಿ ಕೆಟ್ಟ ಆಲ್ಬಂ ಅದು; ಕೆಟ್ಟದ್ದೆಂದರೆ ಕೇಳಲಾಗದ್ದಲ್ಲ, ಅಡುಗೆಮನೆಯಲ್ಲಿ ಕೆಲಸ ಮಾಡುವಾಗ ಹಾಕಿಕೊಳ್ಳಬಹುದು.

ಆಮೇಲೆ ಹದಿನೇಳು ವರ್ಷಗಳಿಗೂ ಹೆಚ್ಚು ಕಾಲ ಹೊಸ ಆಲ್ಬಂ ಬರಲಿಲ್ಲ. ಪ್ರಯತ್ನ ನಡೆಯದೆ ಇರಲಿಲ್ಲ. ಆಗಿನ ವ್ಯವಸ್ಥಾಪಕರು, ಈ ಕಾಲಕ್ಕೆ ಹಿಟ್ ಹಾಡು ಬೇಕಾದರೆ ಈ ಕಾಲದ ಬರಹಗಾರರೊಡನೆ ಕೂಡಬೇಕೆಂದು ಇವರನ್ನು ಒಬ್ಬರಾದ ಮೇಲೊಬ್ಬರ ಸ್ಟುಡಿಯೋಗೆ ಕಳುಹಿಸಿದರು. ಇವರಿಗಿಂತ ಎಷ್ಟೋ ಕಿರಿಯರಾದ ಅಪರಿಚಿತರೊಡನೆ ಬೆಳಿಗ್ಗೆ ಕೈಕುಲುಕಿ ಸಂಜೆಗೆ ಹಾಡು ಮುಗಿಸುವ ಈ ಪದ್ಧತಿ ಇಂದು ಉದ್ಯಮದಲ್ಲಿ ಸಾಮಾನ್ಯವಾಗಿದೆ. ಹೀಗೆ ಹಾಡುಗಳು ರಾಶಿಬಿದ್ದವು, ಆದರೆ ಯಾವುದೂ ತಮ್ಮದೆನಿಸಲಿಲ್ಲ. ಕ್ಯಾರೊಲೈನ್ 2017ರಲ್ಲಿ ತೀರಿಕೊಂಡರು. ಅದೇ ವರ್ಷ ಹಳೆಯ ಹಾಡುಗಳ ಸಂಕಲನವೊಂದು ಹೊಸ ಎರಡು ಹಾಡುಗಳೊಂದಿಗೆ ಬಂತು. ಸ್ಮಿತ್ ತಂಡವನ್ನು ಬಿಡುವ ಆಲೋಚನೆಯಲ್ಲಿದ್ದರು. ಕೊನೆಗೆ 2020ರ ಆರಂಭದಲ್ಲಿ, ಲಾಸ್ ಏಂಜಲೀಸ್‌ನಲ್ಲಿರುವ ಸ್ಮಿತ್ ಅವರ ಮನೆಯಲ್ಲಿ, ಇಬ್ಬರೂ ಎರಡು ಅಕೂಸ್ಟಿಕ್ ಗಿಟಾರುಗಳನ್ನು ಹಿಡಿದು ಎದುರುಬದುರು ಕುಳಿತರು. ಆಗ ಬಂದ ಹಾಡು ‘ನೋ ಸ್ಮಾಲ್ ಥಿಂಗ್’. ಪಿಜ್ಜಾ ಹೋಟೆಲಿನ ಮೇಲಿನ ಮನೆಯಲ್ಲಿದ್ದ ಉಪಕರಣಕ್ಕೇ ಅವರು ಮರಳಿದ್ದರು.

ಈಗ ರೆಕಾರ್ಡ್ ಮಾರುವ ಅಂಗಡಿಯೊಂದರ ಒಳಗೆ ಬಂದಿದ್ದೇವೆ. ಚಿತ್ರೀಕರಣಕ್ಕೆ ಒಪ್ಪಿದ್ದಾರೆ, ಹೆಸರು ಕಾಣದಂತೆ ನೋಡಿಕೊಂಡಿದ್ದೇನೆ. ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ. ಹತ್ತು ಹಾಡುಗಳ, ಒಂದೇ ತಟ್ಟೆಯ ಈ ರೆಕಾರ್ಡಿಗೆ ಮೂವತ್ತು ಪೌಂಡ್! ಪಕ್ಕದ ಪೆಟ್ಟಿಗೆಯಲ್ಲಿ ‘ಬಿಗ್ ಚೇರ್’ನ ಹಳೆಯ ಪ್ರತಿ ಐದು ಪೌಂಡಿಗೆ ಬಿದ್ದಿತ್ತು. ಆ ಕಾಲದಲ್ಲಿ ಲಕ್ಷಗಟ್ಟಲೆ ಪ್ರತಿಗಳನ್ನು ಅಚ್ಚಿನಲ್ಲಿ ಒತ್ತಿ ತಯಾರಿಸಿದ್ದರಿಂದ ಅದು ಅಗ್ಗ, ಇಂದು ಕಡಿಮೆ ಒತ್ತುವುದರಿಂದ ಇದು ದುಬಾರಿ ಎಂಬ ಲೆಕ್ಕ ನನಗೂ ಅರ್ಥವಾಗುತ್ತದೆ. ಅರ್ಥವಾಗದಿರುವುದು ಬೇರೆ ಬೇರೆ ಬಣ್ಣದ ತಟ್ಟೆಗಳನ್ನು ಬೇರೆ ಬೇರೆ ಕಡೆ ಮಾರುವುದು, ಹೆಚ್ಚುವರಿ ಹಾಡುಗಳನ್ನು ಕೆಲವೇ ಆವೃತ್ತಿಗಳಲ್ಲಿ ಹಂಚಿಡುವುದು. ದುಃಖದ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಹಾಡಿದ ಆಲ್ಬಂ ಅನ್ನು ಸಂಗ್ರಹಕಾರರ ಚಟಕ್ಕೆ ತಕ್ಕಂತೆ ತುಂಡುತುಂಡಾಗಿ ಮಾರುವುದು ನನಗೆ ಹಿಡಿಸಲಿಲ್ಲ. ಕಪ್ಪು ತಟ್ಟೆಯನ್ನೇ ಕೊಂಡೆ.

ಮನೆಗೆ ಬಂದೆವು. ಒರೆಸುವುದು, ಮುಳ್ಳು ಇಳಿಸುವುದು ನಿಮಗೆ ಕಾಣುತ್ತಿದೆ. ಮೊದಲ ಬದಿ ‘ನೋ ಸ್ಮಾಲ್ ಥಿಂಗ್’ನಿಂದ ಆರಂಭವಾಗುತ್ತದೆ. ಗಿಟಾರಿನ ಜನಪದ ಹಾಡಿನಂತೆ ಮೆಲ್ಲಗೆ ತೊಡಗಿ, ಕೊನೆಯಲ್ಲಿ ಎಲ್ಲ ವಾದ್ಯಗಳೂ ಒಂದರ ಮೇಲೊಂದು ಬಿದ್ದು ಕಿವಿಗಡಚಿಕ್ಕುವ ಗದ್ದಲವಾಗುವ ಈ ಹಾಡನ್ನು ಮೊದಲಲ್ಲಿ ಇಡಲು ಧೈರ್ಯ ಬೇಕು. ಹಿಟ್ ಹುಡುಕುವವರು ಹೀಗೆ ಆರಂಭಿಸುವುದಿಲ್ಲ. ಎರಡನೆಯದು ಆಲ್ಬಂನ ಹೆಸರಿನ ಹಾಡು. ಆಸ್ಪತ್ರೆಯ ಹಾಸಿಗೆಯ ಪಕ್ಕ ಕುಳಿತವನು, ಎದುರಿಗಿರುವ ಜೀವ ಬದುಕಿನ ಕಡೆಯಿಂದ ಸಾವಿನ ಕಡೆಗೆ ವಾಲುವ ಗಳಿಗೆ ಯಾವುದು ಎಂದು ಕಾಯುವುದು ಇದರ ವಸ್ತು. ಇದಕ್ಕೆ ಅವರು ಆರಿಸಿಕೊಂಡ ಲಯವಾದರೋ, 1985ರ ಆ ಹರ್ಷದ ಹಾಡಿನ ಅದೇ ತಿಶ್ರ ನಡೆ! ಕಾರಿನಲ್ಲಿ ಹೆಬ್ಬೆರಳು ತಟ್ಟಿಸುತ್ತಿದ್ದ ಲಯದ ಮೇಲೆ ಇಲ್ಲಿ ಸಾವು ನಡೆಯುತ್ತದೆ. ಮೊದಲು ಇದು ಹಳೆಯದರ ನಕಲು ಎಂದುಕೊಂಡಿದ್ದೆ, ಈಗ ಆಲ್ಬಂನ ಅತ್ಯುತ್ತಮ ನಿರ್ಧಾರ ಇದೇ ಎನಿಸುತ್ತದೆ.

‘ಲಾಂಗ್ ಲಾಂಗ್ ಲಾಂಗ್ ಟೈಮ್’ನಲ್ಲಿ ಕರಿನಾ ರೌಂಡ್ ಅವರ ದನಿ ಸೇರುತ್ತದೆ. ‘ಬ್ರೇಕ್ ದ ಮ್ಯಾನ್’ ಸ್ಮಿತ್ ಹಾಡಿದ್ದು. ಗಂಡಾಳ್ವಿಕೆ ಮುರಿಯಲಿ ಎಂಬ ಅದರ ಆಶಯ ಸರಿ, ಆದರೆ ಹೊಳಪು ಜಾಸ್ತಿ, ರೇಡಿಯೋಗೆಂದೇ ಇಸ್ತ್ರಿ ಮಾಡಿದಂತಿದೆ. ‘ಮೈ ಡೀಮನ್ಸ್’ನ ಯಂತ್ರಸದ್ದು ಮೇಲಿನ ಎರಡು ಗಿಟಾರುಗಳ ಕಥೆಗೆ ತೀರ ವಿರುದ್ಧವಾಗಿದೆ. ಆಲ್ಬಂನ ನಿರ್ಮಾಪಕರ ಪಟ್ಟಿಯಲ್ಲಿ ಇವರಿಬ್ಬರ ಹಳೆಯ ಜೊತೆಗಾರ ಚಾರ್ಲ್ಟನ್ ಪೆಟಸ್ ಅವರಲ್ಲದೆ ಹೊರಗಿನವರಾದ ಸಾಶಾ ಸ್ಕಾರ್ಬೆಕ್, ಫ್ಲೋರಿಯನ್ ರಾಯ್ಟರ್ ಅವರ ಹೆಸರುಗಳೂ ಇವೆ. ಹೊರಗಿನವರೊಡನೆ ಕೂಡಿ ಬರೆದದ್ದೆಲ್ಲ ವ್ಯರ್ಥವಾಯಿತೆಂದು ಸಾಧಿಸಲು ನಾನು ಹೊರಟರೆ ಈ ಆಲ್ಬಂ ಅದಕ್ಕೆ ಒಪ್ಪುವುದಿಲ್ಲ. ಮೊದಲ ಬದಿಗೆ ಕೊನೆಯಲ್ಲಿ ಒಂದಿಷ್ಟು ಸಿಟ್ಟು ಬೇಕಿತ್ತು, ‘ಮೈ ಡೀಮನ್ಸ್’ ಅದನ್ನು ಒದಗಿಸುತ್ತದೆ.

ಈಗ ಎರಡನೆಯ ಬದಿ, ಮತ್ತು ನನ್ನ ಮೂವತ್ತು ಪೌಂಡುಗಳ ಕಥೆ. ‘ರಿವರ್ಸ್ ಆಫ್ ಮರ್ಸಿ’ ನೆಮ್ಮದಿಯಾಗಿ ಮುಗಿಯಿತು. ಅದರ ನಂತರದ ‘ಪ್ಲೀಸ್ ಬಿ ಹ್ಯಾಪಿ’ ಖಿನ್ನತೆಗೆ ಜಾರಿದ ಹೆಂಡತಿಯನ್ನು ಗಂಡ ನೋಡುತ್ತಿರುವ ಹಾಡು. ಪಿಯಾನೋದ ಒಂದು ಸ್ವರ ಎಳೆದು ನಿಂತಾಗ ಅದು ತೇಲತೊಡಗಿತು. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಮತ್ತೆ ಮೇಲೆ. ಈ ಹತ್ತಿರದ ಚಿತ್ರದಲ್ಲಿ ಮುಳ್ಳಿನ ತೋಳನ್ನು ಗಮನಿಸಿ, ಅದು ಒಂದೊಂದು ಸುತ್ತಿಗೂ ಎಡಕ್ಕೆ ಬಲಕ್ಕೆ ತೂಗಾಡುತ್ತಿದೆ. ತಟ್ಟೆಯ ತೂತನ್ನು ನಟ್ಟನಡುವೆ ಕೊರೆದಿಲ್ಲ. ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತು ಮುಗಿಸಲು 1.8 ಸೆಕೆಂಡು ಬೇಕು, ಆದ್ದರಿಂದ 1.8 ಸೆಕೆಂಡಿಗೊಮ್ಮೆ ಶ್ರುತಿ ಏರಿ ಇಳಿಯುತ್ತದೆ. ತೂತು ಅರ್ಧ ಮಿಲಿಮೀಟರ್ ಸರಿದಿದ್ದರೂ ತಟ್ಟೆಯ ಅಂಚಿನಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಒಳಕ್ಕೆ ಹೋದಂತೆ ಮುಳ್ಳು ಓಡುವ ಗೆರೆಗಳ ಸುತ್ತಳತೆ ಚಿಕ್ಕದಾಗುವುದರಿಂದ ಅದೇ ಅರ್ಧ ಮಿಲಿಮೀಟರ್ ಎರಡುಪಟ್ಟಿಗೂ ಹೆಚ್ಚು ಕಾಡುತ್ತದೆ. ಡ್ರಮ್ಮಿನ ಗದ್ದಲವಿದ್ದರೆ ಮುಚ್ಚಿಹೋಗುವ ಈ ದೋಷ ಪಿಯಾನೋದ ಒಂಟಿ ಸ್ವರದಲ್ಲಿ ಬೆತ್ತಲಾಗಿ ನಿಲ್ಲುತ್ತದೆ. ಇಡೀ ಆಲ್ಬಂನಲ್ಲಿ ಶ್ರುತಿ ಅಲುಗಾಡಬಾರದ ಜಾಗ ಒಂದಿದ್ದರೆ ಅದು ಇದೇ!

ಅಂಗಡಿಗೆ ಫೋನ್ ಮಾಡಿದಾಗ, ಇದು ಒತ್ತುವಿಕೆಯಲ್ಲಿ ಸಹಜವಾದ ವ್ಯತ್ಯಾಸ, ದೋಷವಲ್ಲ, ಗೀರು ಬಿದ್ದಿದ್ದರೆ ಮಾತ್ರ ಬದಲಿಸಿ ಕೊಡುತ್ತೇವೆ ಎಂಬ ಉತ್ತರ ಬಂತು. ಬಣ್ಣದ ತಟ್ಟೆ ಕೊಳ್ಳಬಹುದಿತ್ತಲ್ಲ ಎಂಬ ಸಲಹೆಯೂ ಸಿಕ್ಕಿತು. ಬಣ್ಣಕ್ಕೂ ತೂತಿಗೂ ಏನು ಸಂಬಂಧವೋ. ತೋಳಿನ ವೀಡಿಯೋವನ್ನು ಅವರಿಗೆ ಕಳುಹಿಸಿದ್ದೇನೆ. ಸುತ್ತಲೂ ಇಟ್ಟ ಹಲವು ಸ್ಪೀಕರುಗಳಲ್ಲಿ ಕೇಳಲೆಂದು ಸ್ಟೀವನ್ ವಿಲ್ಸನ್ ಎಂಬ ಸಂಗೀತಗಾರ ಮಾಡಿದ ಸರೌಂಡ್ ಮಿಶ್ರಣದ ಬ್ಲೂ-ರೇ ಡಿಸ್ಕ್ ಕೊಳ್ಳಿ ಎಂದು ನಿಮ್ಮಲ್ಲಿ ಕೆಲವರು ಹೇಳುವುದು ಗೊತ್ತು. ನನ್ನ ಕೋಣೆಯಲ್ಲಿ ಇರುವುದು ಎರಡೇ ಸ್ಪೀಕರ್.

ಉಳಿದ ಹಾಡುಗಳನ್ನು ಸ್ಟ್ರೀಮಿಂಗ್‌ನಲ್ಲೇ ಕೇಳಿ ಹೇಳುತ್ತಿದ್ದೇನೆ. ‘ಮಾಸ್ಟರ್ ಪ್ಲಾನ್’ ನನಗೆ ಬೇಡದಿದ್ದರೂ ನಡೆಯುತ್ತಿತ್ತು. ‘ಎಂಡ್ ಆಫ್ ನೈಟ್’ನ ಸಿಂಥ್ ಚುರುಕಾಗಿದೆ, ಅದನ್ನು ಕೇಳಿದ ಮೇಲೆ ‘ಬ್ರೇಕ್ ದ ಮ್ಯಾನ್’ ಬಗ್ಗೆ ಆಡಿದ ಮಾತು ಕಟುವಾಯಿತೆನಿಸಿ ಅದನ್ನು ಮತ್ತೆ ಹಾಕಿದೆ. ಪಲ್ಲವಿ ಚೆನ್ನಾಗಿದೆ, ಹೊಳಪಿನ ಬಗ್ಗೆ ಮಾತ್ರ ನನ್ನ ಆಕ್ಷೇಪ ಹಾಗೇ ಇದೆ. ಕೊನೆಯ ಹಾಡು ‘ಸ್ಟೇ’ 2017ರ ಸಂಕಲನದಲ್ಲೇ ಬಂದಿತ್ತು. ಬಿಟ್ಟುಹೋಗುವುದೋ ಉಳಿಯುವುದೋ ಎಂದು ಸ್ಮಿತ್ ತೂಗಿ ನೋಡುತ್ತಿದ್ದ ಕಾಲದ ಹಾಡನ್ನು, ಉಳಿದ ಮೇಲೆ ಮಾಡಿದ ಆಲ್ಬಂನ ತುದಿಯಲ್ಲಿ ಇಟ್ಟಿದ್ದಾರೆ. ಅದು ಒಳ್ಳೆಯ ಹಾಡೇ, ಆದರೆ ನನ್ನ ಕೈಯಲ್ಲಿದ್ದಿದ್ದರೆ ‘ರಿವರ್ಸ್ ಆಫ್ ಮರ್ಸಿ’ಯನ್ನು ಕೊನೆಗೆ ಇಡುತ್ತಿದ್ದೆ.

ಈ ಆಲ್ಬಂ ಇಂಗ್ಲೆಂಡಿನಲ್ಲಿ ಎರಡನೆಯ ಸ್ಥಾನಕ್ಕೂ ಅಮೆರಿಕದಲ್ಲಿ ಎಂಟನೆಯ ಸ್ಥಾನಕ್ಕೂ ಏರಿತು. ಹತ್ತು ಲಕ್ಷ ಪೌಂಡ್ ಸುರಿದ ‘ದ ಸೀಡ್ಸ್ ಆಫ್ ಲವ್’ ಕೂಡ ಅಮೆರಿಕದಲ್ಲಿ ನಿಂತದ್ದು ಎಂಟರಲ್ಲೇ. ಕ್ಯಾಮೆರಾದ ಬ್ಯಾಟರಿ ಕೆಂಪು ತೋರಿಸುತ್ತಿದೆ. ಅಂಗಡಿಯವರ ಉತ್ತರ ಬಂದರೆ ಈ ವೀಡಿಯೋದ ಕೆಳಗೆ ಬರೆಯುತ್ತೇನೆ.